ಟೈಲ್ಸ್ ಹಿಂದಿನ ಐದು ಉಂಡೆ

ರಾತ್ರಿ ಬಚ್ಚಲಮನೆಯಲ್ಲಿ ಢಬ್ ಅಂತ ಸದ್ದು. ಹೋಗಿ ನೋಡಿದರೆ ಗೋಡೆಯ ದೊಡ್ಡ ಟೈಲ್ ಒಂದು ಕೆಳಗೆ ಬಿದ್ದು ಎರಡು ಹೋಳಾಗಿತ್ತು. ಗೋಡೆ ಮೇಲೆ ಮಾತ್ರ ಮೂಲೆಗೊಂದು, ನಡುವೆ ಒಂದು, ಒಟ್ಟು ಐದು ಉಂಡೆ ಅಂಟು ಗಟ್ಟಿಯಾಗಿ ಕೂತಿತ್ತು. ಟೈಲ್ ಬೆನ್ನು ಅಂಗಡಿಯಿಂದ ತಂದ ಹಾಗೇ ಕ್ಲೀನ್.

ಎಲ್ಲರೂ ಬೈದದ್ದು ಅಂಟನ್ನೇ. ನಾನೂ ಬೈದೆ. ಆಮೇಲೆ ಉಳಿದಿದ್ದ ಚೀಲದ ಮೇಲಿನ ಸಣ್ಣಕ್ಷರ ಓದುತ್ತಾ ಕೂತೆ. (ಕೆಲಸ ಮುಗಿದ ಮೇಲೆ ಓದೋದು ನಮ್ಮ ಹಳೇ ಚಾಳಿ.) ಆ ಅಂಟಿನದ್ದೇನೂ ತಪ್ಪಿರಲಿಲ್ಲ.

ಹಳೇ ಕಾಲದ ಗೋಡೆ ಟೈಲ್ಸ್ ನೀರು ಹೀರುತ್ತಿದ್ದವು, ತಮ್ಮ ತೂಕದ ನೂರಕ್ಕೆ 10 ಪಾಲಿಗಿಂತ ಜಾಸ್ತಿ. ಅದಕ್ಕೇ ನೆನೆಸಿಟ್ಟು ಸಿಮೆಂಟ್ ಗಾರೆಯಲ್ಲಿ ಕೂರಿಸುತ್ತಿದ್ದರು. ಸಿಮೆಂಟ್ ಆ ಸಣ್ಣ ರಂಧ್ರಗಳೊಳಗೆ ಇಳಿದು ಕಚ್ಚಿಕೊಳ್ಳುತ್ತಿತ್ತು. ಈಗಿನ ವಿಟ್ರಿಫೈಡ್ ಟೈಲ್ ಹೀರುವುದು ಹೆಚ್ಚೆಂದರೆ ನೂರಕ್ಕೆ ಅರ್ಧ ಪಾಲು. ಗಾರೆ ಕಚ್ಚೋಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಅಂಟಿನ ಪುಡಿಯಲ್ಲಿ ಸಿಮೆಂಟ್, ಮರಳಿನ ಜೊತೆ ಪಾಲಿಮರ್, ಅಂದರೆ ನುಣುಪು ಮೈಗೂ ಅಂಟಿಕೊಳ್ಳುವ ಪ್ಲಾಸ್ಟಿಕ್ ಥರದ ಪುಡಿ, ಇರುತ್ತದೆ. ನೀರು ಬೇಗ ಆರಿಹೋಗದ ಹಾಗೆ ಹಿಡಿದಿಡಲು ಸೆಲ್ಯುಲೋಸ್‌ನಿಂದ ಮಾಡಿದ ಪುಡಿಯೂ ಚೂರು ಇರುತ್ತದೆ.

ಚೀಲದ ಮೇಲೆ ಸಿ1, ಸಿ2 ಅಂತ ಇರುತ್ತದಲ್ಲ, ಅದು ಟೈಲ್ ಅಂಟಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13007ರ ಲೆಕ್ಕ. ಸಿ2 ಅಂದರೆ ಒಂದು ಚದರ ಸೆಂಟಿಮೀಟರ್ ಜಾಗವನ್ನು ಕೀಳೋಕೆ ಸುಮಾರು 10 ಕಿಲೋ ಎಳೆತ ಬೇಕು. ಸಿ1 ಇದರ ಅರ್ಧ. ಪಕ್ಕದಲ್ಲಿ ಟಿ ಇದ್ದರೆ ಗೋಡೆಯ ಟೈಲ್ ಜಾರೋದು ಕಡಿಮೆ. ಎಸ್1 ಇದ್ದರೆ ಅಂಟು ಸ್ವಲ್ಪ ಬಾಗುತ್ತದೆ, ಬಿಸಿಲಿಗೆ ಹಿಗ್ಗಿ ಕುಗ್ಗುವ ಕಡೆ ಅದು ಬೇಕು.

ಆದರೆ ಸಿ2 ತಂದು ಐದು ಉಂಡೆ ಮೆತ್ತಿದರೆ ಏನು ಬಂತು? ಉಂಡೆ ಹಚ್ಚಿದರೆ ಟೈಲ್ ಮಟ್ಟ ಮಾಡೋದು ಸುಲಭ, ಕೆಲಸ ಬೇಗ ಆಗುತ್ತದೆ. ಗೋಡೆಯ ಉಬ್ಬುತಗ್ಗೂ ಮುಚ್ಚಿಹೋಗುತ್ತದೆ. ಹಿಂದೆ ಮಾತ್ರ ಟೊಳ್ಳು. ನೆಲದಲ್ಲಾದರೆ ಆ ಟೊಳ್ಳಿನ ಮೇಲೆ ಭಾರದ ಸಾಮಾನು ಬಿದ್ದಾಗ ಟೈಲ್ ಸೀಳುತ್ತದೆ. ಬಚ್ಚಲಲ್ಲಾದರೆ ನೀರು ಸೇರಿಕೊಳ್ಳುತ್ತದೆ. ಒಣ ಜಾಗದಲ್ಲಿ ಟೈಲ್ ಬೆನ್ನಿನ ನೂರಕ್ಕೆ 80 ಪಾಲು, ನೀರು ಬೀಳುವ ಕಡೆ 95 ಪಾಲು ಅಂಟು ತಾಗಿರಬೇಕು ಅನ್ನುತ್ತಾರೆ. ಐದು ಉಂಡೆ ಅದರ ಹತ್ತಿರಕ್ಕೂ ಹೋಗಲ್ಲ.

ಅದಕ್ಕೇ ಹಲ್ಲಿರುವ ಕರಣೆ ಇರೋದು. ಗೋಡೆಗೆ ಅಂಟು ಬಳಿದು ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಆಗ ಟೈಲ್ ಒತ್ತಿದಾಗ ಗಾಳಿ ಹೊರಗೆ ಹೋಗುತ್ತದೆ. ಸುರುಳಿ ಸುರುಳಿಯಾಗಿ ಎಳೆದರೆ ನೋಡೋಕೆ ಚೆಂದ, ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಟೈಲ್ ದೊಡ್ಡದಾದರೆ ಅದರ ಬೆನ್ನಿಗೂ ತೆಳುವಾಗಿ ಬಳಿಯಬೇಕು.

ನಮ್ಮಲ್ಲಿ ಇನ್ನೊಂದು ತಪ್ಪೂ ಆಗಿತ್ತು. ಉಂಡೆಗಳ ಮುಖ ಬೆರಳಿಗೆ ನುಣ್ಣಗೆ ಸಿಕ್ಕಿತು. ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಿರಬೇಕು, ಅಷ್ಟರಲ್ಲಿ ಹಾಲಿನ ಕೆನೆ ಥರ ಪೊರೆ ಕಟ್ಟಿದೆ. ಪೊರೆ ಕಟ್ಟಿದ ಮೇಲೆ ಒತ್ತಿದರೆ ಹಿಡಿಯಲ್ಲ. ಕಲಸಿದ್ದು ಗಟ್ಟಿಯಾಯಿತು ಅಂತ ಮತ್ತೆ ನೀರು ಹಾಕಿದರೂ ಅಷ್ಟೇ, ಬಲ ಹೋಯಿತು.

ಮರುದಿನ ನಾಣ್ಯ ಹಿಡಿದು ಗೋಡೆಯನ್ನೆಲ್ಲ ತಟ್ಟಿದೆ. ಹನ್ನೊಂದು ಟೈಲ್ ಡೋಲಿನ ಹಾಗೆ ಸದ್ದು ಮಾಡಿದವು. ಎಲ್ಲ ಕೀಳಿಸಿದೆ. ಈ ಸಲ ಹೊಸ ಟೈಲ್ ಒಂದನ್ನು ಕೂರಿಸಿದ ಕೂಡಲೇ ‘ಕಿತ್ತು ಬೆನ್ನು ತೋರಿಸಿ’ ಅಂದೆ. ಮೇಸ್ತ್ರಿ ನನ್ನನ್ನೇ ಒಂದು ಥರ ನೋಡಿದರು. ಕಿತ್ತರು. ಬೆನ್ನು ತುಂಬಾ ಅಂಟು, ಒಂದು ಮೂಲೆ ಮಾತ್ರ ಖಾಲಿ. ನಾನು ಬಾಯಿ ತೆರೆಯುವ ಮೊದಲೇ ಅವರು ಆ ಮೂಲೆಗೆ ಬಳಿಯುತ್ತಿದ್ದರು.