ಒಂದು ಗಂಟೆಯ ಕತ್ತಲೆ

ವರ್ಷಕ್ಕೊಮ್ಮೆ ಒಂದು ಗಂಟೆ ದೀಪ ಆರಿಸುವ ಅರ್ಥ್ ಅವರ್ ಎಂಬುದು ಬರೀ ನಾಟಕ, ಅದರಿಂದ ಉಳಿಯುವ ವಿದ್ಯುತ್ ಅತ್ಯಲ್ಪ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಲೆಕ್ಕದ ಮಟ್ಟಿಗೆ ಅವರ ಮಾತು ಸರಿ. 9 ವಾಟ್‌ನ ಹತ್ತು ಎಲ್ಇಡಿ ಬಲ್ಬುಗಳನ್ನು ಒಂದು ಗಂಟೆ ಆರಿಸಿದರೆ ಉಳಿಯುವುದು 0.09 ಯೂನಿಟ್. 2 ಕಿಲೋವಾಟ್‌ನ ಗೀಸರ್ ಅಷ್ಟನ್ನು ಮೂರು ನಿಮಿಷವಾಗುವುದರೊಳಗೆ ನುಂಗುತ್ತದೆ. ಅದರ ಮೇಲೆ ಕತ್ತಲೆಯಲ್ಲಿ ಹಚ್ಚುವ ಮೇಣದ ಬತ್ತಿಯೂ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದದ್ದೇ!

ಆದರೆ 2007ರಲ್ಲಿ ಸಿಡ್ನಿಯಲ್ಲಿ ಶುರುವಾದ ಈ ಆಚರಣೆಯನ್ನು ಯೂನಿಟ್ಟಿನಲ್ಲೇ ಅಳೆಯಬೇಕೇ? ಒಂದು ವರ್ಷ ನಮ್ಮ ಮನೆಯಲ್ಲೂ ದೀಪ ಆರಿಸಿ ಕುಳಿತಿದ್ದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮಗಳು ಗೋಡೆಯ ಕಡೆ ಬೆರಳು ತೋರಿಸಿ, "ಅಪ್ಪಾ, ಅಲ್ಲಿ ಕೆಂಪು ಚುಕ್ಕೆ" ಎಂದಳು. ಸೆಟ್‌ಟಾಪ್ ಬಾಕ್ಸ್. ಟಿವಿ ಆರಿಸಿದರೂ ಅದು ಹಗಲಿರುಳು ಎಚ್ಚರವಾಗಿಯೇ ಇತ್ತು. 10 ವಾಟ್ ಎಂದಿಟ್ಟುಕೊಂಡರೂ ದಿನಕ್ಕೆ ಹೆಚ್ಚುಕಡಿಮೆ ಕಾಲು ಯೂನಿಟ್, ತಿಂಗಳಿಗೆ ಏಳು! ದೀಪ ಉರಿಯುತ್ತಿದ್ದಾಗ ಆ ಚುಕ್ಕೆ ನಮಗೆ ಕಂಡಿರಲೇ ಇಲ್ಲ.

ಕೊರೊನಾ ಲಾಕ್‌ಡೌನ್ ನಡುವೆ, ಮನೆಯ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆಕೊಟ್ಟಿದ್ದ 2020ರ ಏಪ್ರಿಲ್ 5ರ ರಾತ್ರಿಯನ್ನೂ ನೆನೆಯಿರಿ. ಉದ್ದೇಶ ವಿದ್ಯುತ್ ಉಳಿತಾಯವಾಗಿರಲಿಲ್ಲ, ನಿಜ. ಆದರೂ ಒಂಬತ್ತು ನಿಮಿಷದ ಆ ಕರೆಗೆ ದೇಶದ ಬೇಡಿಕೆ ಸುಮಾರು 31 ಸಾವಿರ ಮೆಗಾವಾಟ್ ಕುಸಿಯಿತು. ಗ್ರಿಡ್, ಅಂದರೆ ದೇಶದ ವಿದ್ಯುತ್ ಜಾಲ, ಕಾಯುವವರು ಜಲವಿದ್ಯುತ್ ಘಟಕಗಳನ್ನು ಏರಿಸಿ ಇಳಿಸಿ ಅದನ್ನು ನಿಭಾಯಿಸಿದರು. ಜನ ಸ್ವಿಚ್ ಆರಿಸುವುದಿಲ್ಲ ಎನ್ನುವವರಿಗೆ ಇಷ್ಟು ಸಾಕು.

ನನ್ನ ತಕರಾರು ಬೇರೆ. ಕಟ್ಟಡದ ಅಲಂಕಾರದ ದೀಪವನ್ನು ಆ ಒಂದು ಗಂಟೆ ಆರಿಸಿ ಫೋಟೊ ಹಾಕುವವರು, ಮರುದಿನದಿಂದ ನಡುರಾತ್ರಿಯ ನಂತರವಾದರೂ ಅದನ್ನು ಏಕೆ ಆರಿಸಬಾರದು?