ನಮ್ಮನೆ ಫೋಲ್ಡರಿಗೆ ಯಾವ ಸಂಸ್ಥೆಯ ಅಪ್ಪಣೆ ಬೇಕು ಮಾರಾಯ್ರೆ?

"ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ." ಶನಿವಾರ ಬೆಳಗ್ಗೆಯಿಂದ ಭಾವನ ಹೊಸ ಲ್ಯಾಪ್‌ಟಾಪು ಇಂಗ್ಲಿಷಿನಲ್ಲಿ ಇದನ್ನೇ ಹೇಳ್ತಾ ಕೂತಿತ್ತು. ಯಾವ ಸಂಸ್ಥೆ? ಆಗುಂಬೆ ರಸ್ತೆಯಿಂದ ಮೂರು ಕಿಲೋಮೀಟರು ಒಳಗೆ ನಮ್ಮದು ಒಂಟಿ ಮನೆ. ಇರೋದು ಅಮ್ಮ, ನಾನು, ಹೆಂಡತಿ, ಚಿಂಗಿ ಅನ್ನೋ ಬೆಕ್ಕು. ಲ್ಯಾಪ್‌ಟಾಪೂ ಆಫೀಸಿನದ್ದಲ್ಲ, ಭಾವ ಸ್ವಂತ ದುಡ್ಡು ಕೊಟ್ಟು ತಗೊಂಡಿದ್ದು. ಇದರಲ್ಲಿ ಸಂಸ್ಥೆ ಎಲ್ಲಿಂದ ಬಂತು?

ನಮ್ಮನೆ ಮಾಳಿಗೆ ಸರ್ವರಿನ ಪುರಾಣ ನಿಮಗೆಲ್ಲ ಗೊತ್ತಿದ್ದದ್ದೇ. ಆರು ವರ್ಷದ ಹಿಂದೆ ಹಳೆ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ವಿಂಡೋಸಿಗೂ ಫೈಲು ಹಂಚೋ ಸಾಂಬಾ ಅನ್ನೋ ತಂತ್ರಾಂಶ ಹಾಕಿ, ಎರಡು ಹಾರ್ಡ್‌ಡಿಸ್ಕ್ ಸಿಕ್ಕಿಸಿ, ಅಡಿಕೆ ಚೀಲದ ಪಕ್ಕ ಕೂರಿಸಿದ್ದೆ. ಹೆಸರೂ 'ಮಾಳಿಗೆ' ಅಂತಲೇ. ಅಪ್ಪಯ್ಯನ ಫೋಟೋಗಳು, ಅವರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತಾಳಮದ್ದಲೆಗಳು, ಮನೆಯ ಕಾಗದಪತ್ರ ಎಲ್ಲ ಅದರ ಹೊಟ್ಟೆಯಲ್ಲಿವೆ. ಅಕ್ಕನ ಹೆಸರಿನ ಜಾಗಕ್ಕೆ ಪೋಡಿ ಆಗಬೇಕು ಅಂತ ಭಾವ ಬೆಂಗಳೂರಿಂದ ಬಂದಿದ್ರು. ಪಾಲುಪಟ್ಟಿಯ ಸ್ಕ್ಯಾನು ಬೇಕಿತ್ತು, ಅಷ್ಟೇ. ನಾನು ಜಂಬದಲ್ಲಿ "ಭಾವ, ವೈಫೈಗೆ ಸೇರ್ಕೊಳಿ, ಮಾಳಿಗೆ ಅಂತ ಹೊಡೀರಿ, ಬರುತ್ತೆ" ಅಂದೆ. ಬಂದಿದ್ದು ಸಂಸ್ಥೆ.

ಹೀಗೆ ಹಂಚಿದ ಫೋಲ್ಡರಿಗೆ ಷೇರ್ ಅನ್ನೋದು ವಾಡಿಕೆ. "ಷೇರ್ ಓಪನ್ ಆಗ್ತಿಲ್ಲ" ಅಂತ ನಾನು ಗೊಣಗಿದ್ದು ಜಗಲಿಯಲ್ಲಿದ್ದ ಅಮ್ಮನ ಕಿವಿಗೆ ಬಿತ್ತು. "ಯಾವ ಷೇರಾ? ಸೊಸೈಟಿದಾ?" ಅಂದ್ರು. ಸಂಸ್ಥೆ ಬಿಡ್ತಿಲ್ಲ ಅಂತ ವಿವರಿಸಿದ್ದಕ್ಕೆ ಅವರಿಗೆ ಅನುಮಾನ ಗಟ್ಟಿಯಾಯ್ತು, "ಸೋಮವಾರ ಹೋಗಿ ಸೆಕ್ರೆಟ್ರಿ ಹತ್ರ ಕೇಳು."

ಹೊರಗೆ ಜಡಿಮಳೆ, ಗಂಟೆಗೆರಡು ಸಲ ಕರೆಂಟು ಹೋಗಿ ಬರೋದು. ಹಾಗಾಗಿ ಮೊದಲ ಅನುಮಾನ ರೂಟರಿನ ಮೇಲೆ. ಆಫಾಗಿ ಆನಾದಾಗ ಅದು ಮಾಳಿಗೆಗೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು ಅಂದ್ಕೊಂಡೆ. ಇಲ್ಲ, 192.168.1.50 ಅದಕ್ಕೇ ಕಾದಿರಿಸಿದ್ದು, ಪಿಂಗ್ ಮಾಡಿದ್ರೆ ಉತ್ತರವೂ ಬರ್ತಿದೆ. ನನ್ನ ವಿಂಡೋಸ್ 10 ಲ್ಯಾಪ್‌ಟಾಪಲ್ಲಿ ತೆರೀತಿದೆ, ಹೆಂಡತಿ ಫೋನಲ್ಲಿ ತೆರೀತಿದೆ, ಟಿವಿಯಲ್ಲೂ ತೆರೀತಿದೆ. ಭಾವ ಫೈರ್‌ವಾಲ್ ತೆಗೆಯೋಣ ಅಂದ್ರು, ತೆಗೆದು ನೋಡಿ ವಾಪಸ್ ಹಾಕಿದ್ದಾಯ್ತು. ಯೂಟ್ಯೂಬಿನಲ್ಲಿ ಒಬ್ಬ ಆ ಪಾಲಿಸಿ ಬದಲಿಸಿ ಅಂದ, ಇನ್ನೊಬ್ಬ ಈ ರಿಜಿಸ್ಟ್ರಿ ತಿದ್ದಿ ಅಂದ. ಮಧ್ಯಾಹ್ನ ಊಟಕ್ಕೆ ಕರೆದಾಗ ಹೆಂಡತಿ, "ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟು ಮುಗಿಸ್ರಿ, ಎರಡು ನಿಮಿಷದ ಕೆಲಸ" ಅಂದ್ಲು. ನಿಜ. ಆದ್ರೆ ಭಾವನ ಎದುರು ಪೆನ್‌ಡ್ರೈವ್ ಹಿಡಿದು ನಿಂತರೆ ಆರು ವರ್ಷ ಕೊಚ್ಚಿಕೊಂಡದ್ದು ಎಲ್ಲಿ ಹೋಗಬೇಕು?

ಕಾರಣ ಸಿಕ್ಕಿದ್ದು ಸಂಜೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಭಾವನದ್ದರಂಥ ಪ್ರೊ ಮಾದರಿಯಲ್ಲಿ ಸರ್ವರ್ ಜೊತೆ ನಡೆಯೋ ಪ್ರತಿ ಮಾತಿಗೂ ಡಿಜಿಟಲ್ ಸಹಿ ಕಡ್ಡಾಯ, ದಾರಿಯಲ್ಲಿ ಯಾರೂ ತಿದ್ದಿಲ್ಲ ಅನ್ನೋದಕ್ಕೆ. ಸಹಿ ಹುಟ್ಟೋದು ಪಾಸ್‌ವರ್ಡಿನಿಂದ. ಅತಿಥಿಗೆ ಪಾಸ್‌ವರ್ಡೇ ಇಲ್ಲ, ಇನ್ನು ಸಹಿ ಎಲ್ಲಿಂದ ಬರಬೇಕು? ಪ್ರೊ ಆವೃತ್ತಿ ಅಂಥ ಅತಿಥಿ ಪ್ರವೇಶವನ್ನೇ ಒಪ್ಪಲ್ಲ. ಇಷ್ಟೇ ವಿಷಯ. "ಸರ್ವರು ಪಾಸ್‌ವರ್ಡ್ ಕೇಳದೆ ಒಳಗೆ ಬಿಡ್ತಿದೆ, ನನಗೆ ನಂಬಿಕೆ ಇಲ್ಲ" ಅಂತ ಒಂದು ಸಾಲು ಬರೆಯೋಕೆ ಏನಾಗಿತ್ತು? ನಮ್ಮೂರ ಲೈನ್‌ಮನ್ ಕೂಡ "ಅತ್ತಿಮರದ ಕೊಂಬೆ ಬಿದ್ದಿದೆ, ಸಂಜೆ ಆಗುತ್ತೆ" ಅಂತ ನೇರ ಹೇಳ್ತಾನೆ. ನಿಮ್ಮ ಸಂಸ್ಥೆ ತಡೆದಿದೆ ಅಂತ ಇಲ್ಲದವರ ಮೇಲೆ ಹಾಕಲ್ಲ.

ಭದ್ರತೆ ಬೇಡವಾ ಅಂತ ಕೇಳೋರು ಬರ್ತೀರಿ, ಗೊತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಸುಲಿಗೆ ವೈರಸ್ ಬಂದಾಗ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳೂ ಬೀಗ ಹಾಕಿಕೊಂಡವಲ್ಲ, ಅದು ಹರಡಿದ್ದು ಇದೇ ಫೈಲ್ ಹಂಚೋ ವ್ಯವಸ್ಥೆಯ ಹಳೆ ಆವೃತ್ತಿಯ ತೂತಿನಿಂದ. ಒಪ್ಪಿದೆ. ಬಾಗಿಲು ಹಾಕಿ, ಬೇಡ ಅನ್ನಲ್ಲ. ಯಾಕೆ ಹಾಕಿದ್ದು ಅನ್ನೋದನ್ನ ಮನೆಯವನಿಗೆ ಅರ್ಥವಾಗೋ ಹಾಗೆ ಹೇಳಿ. ಇನ್ನು "ಎಲ್ಲ ಕ್ಲೌಡಿಗೆ ಹಾಕಿ ಸಾರ್" ಅನ್ನೋರು ಒಮ್ಮೆ ಆಷಾಢದಲ್ಲಿ ನಮ್ಮನೆಗೆ ಬನ್ನಿ. ಇಲ್ಲಿ ಕ್ಲೌಡು ಅಂಗಳಕ್ಕೇ ಇಳಿದಿರುತ್ತೆ, ನೆಟ್ಟು ಮಾತ್ರ ಇರಲ್ಲ.

ಈಗ ಮರ್ಯಾದೆ ಹೋಗೋ ಭಾಗ. ಸಾಂಬಾದ ಕಾನ್ಫಿಗ್ ಫೈಲು ತೆಗೆದು ನೋಡ್ತೀನಿ, ನಾನೇ ಎಲ್ಲಿಂದಲೋ ಕಾಪಿ ಹೊಡೆದು ಹಾಕಿದ ಒಂದು ಸಾಲಿದೆ: 'ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್'. ಅಂದ್ರೆ, ಗೊತ್ತಿಲ್ಲದ ಹೆಸರು ಹೇಳಿಕೊಂಡು ಯಾರೇ ಬಂದ್ರೂ ವಾಪಸ್ ಕಳಿಸಬೇಡ, ಅತಿಥಿ ಅಂತ ಒಳಗೆ ಬಿಡು. ಲಿನಕ್ಸಿನಲ್ಲಿ ಯೂಸರ್ ಇದ್ರೆ ಸಾಲದು, ಸಾಂಬಾಗೆ ಬೇರೆಯಾಗಿ ಪಾಸ್‌ವರ್ಡ್ ಇಡಬೇಕು. ನಾನು ಒಬ್ಬರಿಗೂ ಇಟ್ಟಿರಲಿಲ್ಲ. ಆರು ವರ್ಷ ಮನೆಯವರಿಗೆಲ್ಲ "ಪಾಸ್‌ವರ್ಡ್ ಯಾರಿಗೂ ಹೇಳಬೇಡಿ" ಅಂತ ಉಪದೇಶ ಮಾಡಿದ್ದೊಂದೇ ನನ್ನ ಭದ್ರತಾ ನೀತಿ.

ಹೆಂಡತಿಗೆ ಹೇಳಿದೆ. ಅವಳು ದೋಸೆ ಕಾವಲಿಯಿಂದ ತಲೆ ಎತ್ತಲಿಲ್ಲ. "ಗೊತ್ತಿತ್ತು. ನಾನು ಫೋನಲ್ಲಿ ಹೆಸರು ಕೇಳ್ದಾಗೆಲ್ಲ ಚಿಂಗಿ ಅಂತ್ಲೇ ಹಾಕ್ತಿದ್ದೆ. ಪಾಸ್‌ವರ್ಡು ಬಾಯಿಗೆ ಬಂದಿದ್ದು."

ಅಂತೂ ಭಾವನಿಗೆ ಒಂದು ಯೂಸರ್ ಮಾಡಿ, ಸಾಂಬಾ ಪಾಸ್‌ವರ್ಡ್ ಇಟ್ಟು, ಅವರ ಲ್ಯಾಪ್‌ಟಾಪಿನಲ್ಲಿ ಹೆಸರು-ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಕೂತಿದ್ದ ಬೆಳಗ್ಗಿನ ತಪ್ಪು ಹೆಸರುಗಳನ್ನೆಲ್ಲ ಅಳಿಸಿದ ಮೇಲೆ ಫೋಲ್ಡರ್ ತೆರೀತು. ಭಾವ ಪಾಲುಪಟ್ಟಿ ನೋಡಿ, ಅದರ ಪಕ್ಕ ಅಕ್ಕನ ಆಧಾರ್ ಪ್ರತಿ ಹಾಕಿಡೋಣ ಅಂತ ಹೋದ್ರೆ ಮತ್ತೆ ಅನುಮತಿ ಇಲ್ಲ! ನೋಡಿದ್ರೆ ಆರು ವರ್ಷದಿಂದ ಅತಿಥಿಗಳಾಗಿ ನಾವು ಹಾಕಿದ ಒಂದೊಂದು ಫೈಲಿನ ಮಾಲೀಕನ ಹೆಸರೂ 'ನೋಬಡಿ'. ಅಪ್ಪಯ್ಯನ ಫೋಟೋ, ಅಕ್ಕನ ಮದುವೆ, ಪಾಲುಪಟ್ಟಿ ಎಲ್ಲವೂ ದಾಖಲೆ ಪ್ರಕಾರ ಯಾರದ್ದೂ ಅಲ್ಲ. ಪಹಣಿಯಲ್ಲಿ ಹೆಸರಿಲ್ಲ ಅಂತ ತಾಲೂಕು ಆಫೀಸಿಗೆ ಅಲೆಯೋ ಕಾಗದಕ್ಕೆ ನಮ್ಮನೆ ಮಾಳಿಗೆಯಲ್ಲೂ ಖಾತೆ ಆಗಿರಲಿಲ್ಲ. ಭಾವ ನಕ್ಕು ನಕ್ಕು, "ಇದಕ್ಕೂ ಪೋಡಿ ಮಾಡಿಸು ಮಾರಾಯ" ಅಂದ್ರು. ಮಾಲೀಕನ ಹೆಸರು ಬದಲಿಸೋ ಕಮಾಂಡು ಕೊಟ್ಟು, ಮನೆಯವರನ್ನೆಲ್ಲ ಒಂದೇ ಗ್ರೂಪಿಗೆ ಸೇರಿಸಿದೆ. ಕಂದಾಯ ಇಲಾಖೆಗಿಂತ ಬೇಗ ಆಯ್ತು ಅನ್ನೋದೊಂದೇ ಸಮಾಧಾನ.

ಭಾನುವಾರ ರಾತ್ರಿ ಬಸ್ಸಿಗೆ ಭಾವ ಹೊರಟ್ರು. ಬಾಗಿಲ ಹತ್ತಿರ ಅಮ್ಮ, "ಸೊಸೈಟಿಯವ್ರು ಒಪ್ಪಿದ್ರಂತಾ?" ಅಂತ ಕೇಳಿದ್ರು. ಒಪ್ಪಿದ್ರು ಅತ್ತೆ ಅಂದ್ರು ಭಾವ.

ಆ 'ಬ್ಯಾಡ್ ಯೂಸರ್' ಸಾಲು ನಾನು ಕಿತ್ತು ಹಾಕಿದ ಐದೇ ನಿಮಿಷಕ್ಕೆ ಹೆಂಡತಿ ಫೋನು ಹಿಡ್ಕೊಂಡು ಬಂದ್ಲು, ತಾಳಮದ್ದಲೆ ತೆರೀತಿಲ್ಲ ಅಂತ. ಹೊಸ ಹೆಸರು ಮಾಡಿಕೊಡ್ತೀನಿ ಅಂದ್ರೆ ಕೇಳಲಿಲ್ಲ. ಹಾಗಾಗಿ ಈಗ ಮಾಳಿಗೆ ಸರ್ವರಿನಲ್ಲಿ ಚಿಂಗಿಗೂ ಅಧಿಕೃತವಾಗಿ ಒಂದು ಅಕೌಂಟಿದೆ. ಪಾಸ್‌ವರ್ಡ್ ಅವಳೇ ಟೈಪ್ ಮಾಡಿದ್ದು, ನನ್ನನ್ನ ಆಚೆ ತಿರುಗಿ ನಿಲ್ಲಿಸಿ.