ಮೊದಲು ಮಾಸ್ಕ್, ಆಮೇಲೆ ಯಂತ್ರ

ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಸ್ಲೀಪ್ ಅಪ್ನಿಯಾ. ಯಂತ್ರದಿಂದ ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದಿ ಆ ದಾರಿಯನ್ನು ತೆರೆದಿಡುವ, ಈಗ ಎಲ್ಲೆಡೆ ಕೊಡುವ ಸಿಪ್ಯಾಪ್ ಚಿಕಿತ್ಸೆ ಹುಟ್ಟಿದ್ದು ನಾನು ನೆಲೆಸಿರುವ ಸಿಡ್ನಿಯಲ್ಲಿ. ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಐವರು ರೋಗಿಗಳಿಗೆ ಅದರಿಂದಾದ ಗುಣವನ್ನು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಗಾಳಿ ಊದುವುದಕ್ಕಿಂತ ಅದನ್ನು ಸೋರದಂತೆ ಮೂಗಿಗೆ ತಲುಪಿಸುವುದೇ ಆಗ ದೊಡ್ಡ ತೊಡಕಾಗಿತ್ತು. ಮೊದಮೊದಲ ರೋಗಿಗಳು ಪ್ರತಿ ರಾತ್ರಿ ಮಾಸ್ಕನ್ನು ಸಿಲಿಕೋನ್ ಅಂಟಿನಿಂದ ಮೂಗಿಗೆ ಅಂಟಿಸಿಕೊಂಡು ಮಲಗಬೇಕಾಗಿತ್ತು. ಅಂಟು ಹೋಗಿ ತಲೆಗೆ ಬಿಗಿಯುವ ಪಟ್ಟಿ ಬಂದಿದೆ, ತೊಡಕು ಮಾತ್ರ ಇನ್ನೂ ಅಲ್ಲೇ ಇದೆ.

ಊರಿನಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೆಂದು ಗೊತ್ತಾದರೆ ಮಾತೆಲ್ಲ ಯಂತ್ರದ ಸುತ್ತಲೇ ನಡೆಯುತ್ತದೆ: ಯಾವ ಕಂಪನಿ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ‘ಆಟೋ’ ಇದೆಯೇ, ಎಷ್ಟು ಬಿತ್ತು. ಮಾಸ್ಕ್ ಅದರ ಜೊತೆಗೆ ಬರುವ ಸಾಮಾನು. ಹಾಸನದ ನನ್ನ ಸೋದರಮಾವನಿಗೆ ಯಂತ್ರ ತಂದುಕೊಟ್ಟವರು ಅಳತೆ ಗೀಳತೆ ಏನೂ ನೋಡದೆ, ಮೂಗು ಬಾಯಿ ಎರಡನ್ನೂ ಮುಚ್ಚುವ ಮೀಡಿಯಂ ಮಾಸ್ಕೊಂದನ್ನು ಸೋಫಾದ ಮೇಲೆ ಕೂರಿಸಿಯೇ ತೊಡಿಸಿ, ಸೋರುವುದು ನಿಲ್ಲುವವರೆಗೆ ಪಟ್ಟಿ ಬಿಗಿದು ಹೋದರು. ರಾತ್ರಿ ಕಣ್ಣಿಗೆ ಗಾಳಿ ಹೊಡೆದಾಗಲೆಲ್ಲ ಮಾವ ಇನ್ನಷ್ಟು ಬಿಗಿದುಕೊಂಡರು. ವಾರದೊಳಗೆ ಮೂಗಿನ ದಿಂಡಿನ ಮೇಲೆ ಚರ್ಮ ಸುಲಿದು, ಯಂತ್ರ ಅಟ್ಟ ಸೇರಿತು.

ಬಿಗಿದಷ್ಟೂ ಸೋರುವುದಕ್ಕೆ ಕಾರಣವಿದೆ. ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಮೆತ್ತೆಯ, ಅಂದರೆ ಕುಶನ್ನಿನ, ಅಂಚಿನ ತೆಳು ಸಿಲಿಕೋನ್ ಪದರ ಒಳಗಿನ ಗಾಳಿಯಿಂದಲೇ ಉಬ್ಬಿ ಮುಖಕ್ಕೆ ಕೂರುತ್ತದೆ. ಪಟ್ಟಿ ಎಳೆದರೆ ಆ ಪದರ ನುಗ್ಗಾಗಿ ಮಡಿಕೆ ಬೀಳುತ್ತದೆ. ಅಲ್ಲದೆ, ಮಲಗಿದಾಗ ಕೆನ್ನೆ ಜಾರಿ ದವಡೆ ಹಿಂದಕ್ಕೆ ಬೀಳುವುದರಿಂದ ಕೂತಾಗಿನ ಮುಖವೇ ಬೇರೆ, ಮಲಗಿದಾಗಿನದೇ ಬೇರೆ. ಆದ್ದರಿಂದ ಮಲಗಿಕೊಂಡು, ವೈದ್ಯರು ಹೇಳಿದ ಒತ್ತಡದಲ್ಲಿ ಗಾಳಿ ಹಾಯುತ್ತಿರುವಾಗಲೇ ಮಾಸ್ಕನ್ನು ಒಮ್ಮೆ ಮುಖದಿಂದ ತುಸು ಎತ್ತಿ ಬಿಟ್ಟು, ಅದು ತಾನಾಗಿ ಕೂತ ಮೇಲೆ ಪಟ್ಟಿ ಸರಿಪಡಿಸಬೇಕು.

ಸಿಡ್ನಿಯಲ್ಲಿ ಕೆಲವು ವಾರ ಯಂತ್ರವನ್ನು ಬಾಡಿಗೆಗೆ ಪಡೆದು, ಎರಡು ಮೂರು ಮಾಸ್ಕ್ ತೊಟ್ಟು ನೋಡಿ, ಯಂತ್ರದಲ್ಲಿರುವ ಸೋರಿಕೆಯ ದಾಖಲೆ ಪರಿಶೀಲಿಸಿದ ಮೇಲೆ ಕೊಳ್ಳುವುದು ವಾಡಿಕೆ. ಮೂಗಿನಿಂದ ಸರಾಗವಾಗಿ ಉಸಿರಾಡುವವರಿಗೆ ಮೊದಲು ಮೂಗಿನ ಮಾಸ್ಕ್, ಇಲ್ಲವೇ ‘ಪಿಲ್ಲೋ’ ಎಂದು ಕರೆಯುವ, ಹೊಳ್ಳೆಗೆ ಕೂರುವ ಪುಟ್ಟ ಮೆತ್ತೆಗಳ ಮಾಸ್ಕ್ ತೋರಿಸುತ್ತಾರೆ. ಇದು ಸರಿಯಾದ ಕ್ರಮ, ಏಕೆಂದರೆ ಬಾಯಿಯನ್ನೂ ಮುಚ್ಚುವ ಮಾಸ್ಕಿಗೆ ಸಾಮಾನ್ಯವಾಗಿ ಹೆಚ್ಚಿನ ಒತ್ತಡ ಬೇಕಾಗುತ್ತದೆ, ಸೋರುವ ಜಾಗವೂ ಹೆಚ್ಚು. ಹಾಗೆಂದು ಇಲ್ಲಿನದೆಲ್ಲ ಮೇಲೆಂದು ನಾನು ಹೇಳಲಾರೆ. ಯಂತ್ರದ ಖರ್ಚನ್ನು ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ಭರಿಸುವುದಿಲ್ಲ. ಸಲಹೆ ಕೊಡುವವರೇ ಮಾರುವವರೂ ಆಗಿರುವುದು ಇಲ್ಲೂ ಉಂಟು. ನಮ್ಮವರ ಮುಖದ ಪರಿಚಯವೂ ಅವರಿಗೆ ಕಡಿಮೆ. ಪರಿಚಯದ ಕನ್ನಡತಿಯೊಬ್ಬರಿಗೆ ಪಿಲ್ಲೋಗಳ ಗಾತ್ರ ಬದಲಿಸಿದ್ದೇ ಬದಲಿಸಿದ್ದು. ಹೊಳ್ಳೆಯ ಒಳಗಿದ್ದ ಮೂಗುತಿಯ ತಿರುಪು ಅದನ್ನು ಒಂದು ಬದಿಗೆ ಎತ್ತುತ್ತಿದೆಯೆಂದು ಅಂಗಡಿಯವರಿಗೆ ಹೊಳೆಯಲೇ ಇಲ್ಲ. ಪೊದೆಮೀಸೆ, ಮುಖಕ್ಕೆ ಇಳಿದ ಕೊಬ್ಬರಿ ಎಣ್ಣೆ, ರಾತ್ರಿ ತೆಗೆದಿಡುವ ಹಲ್ಲಿನ ಸೆಟ್ಟು, ಇವನ್ನೆಲ್ಲ ನಾವೇ ಬಾಯಿಬಿಟ್ಟು ಹೇಳಬೇಕು.

ನನ್ನ ಮಟ್ಟಿಗೆ, ಊರಿನ ಪದ್ಧತಿಯಲ್ಲಿ ಸಿಡ್ನಿಗೂ ಇಲ್ಲದ ಒಂದು ಅನುಕೂಲವಿದೆ: ಅಲ್ಲಿ ಯಂತ್ರ ಕೊಡುವವರು ಎಷ್ಟೋ ಸಲ ಮನೆಗೇ ಬರುತ್ತಾರೆ. ರೋಗಿಯ ಹಾಸಿಗೆ, ದಿಂಬು, ಸೊಳ್ಳೆಪರದೆ, ತಲೆಯ ಮೇಲಿನ ಫ್ಯಾನು ಎಲ್ಲವೂ ಎದುರಿಗೇ ಇರುವಾಗ ಸೋಫಾದಲ್ಲಿ ಕೂರಿಸಿ ಮಾಸ್ಕ್ ತೊಡಿಸುವುದು ಬಂದ ಅವಕಾಶವನ್ನು ಕಳೆದುಕೊಂಡಂತೆಯೇ. ಹಾಸಿಗೆಯಲ್ಲಿ ಮಲಗಿಸಿ, ಎರಡೂ ಮಗ್ಗುಲಿಗೆ ಹೊರಳಿಸಿ, ಹೊದಿಕೆಯ ಕೆಳಗೆ ಮಾಸ್ಕಿನಿಂದ ಉಸಿರು ಹೊರಹೋಗುವ ಕಿಂಡಿಗಳು ಮುಚ್ಚಿಹೋಗುತ್ತವೆಯೇ ನೋಡಲು ಹತ್ತು ನಿಮಿಷ ಸಾಕು. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದೆಯೇ ಎಂದೂ ಕೇಳಬೇಕು. ಪೇಸ್‌ಮೇಕರಿನ ಕೆಲಸವನ್ನು ಆಯಸ್ಕಾಂತ ಕೆಡಿಸಬಹುದು; ಆಯಸ್ಕಾಂತದ ಕ್ಲಿಪ್ಪುಗಳಿರುವ ತನ್ನ ಮಾಸ್ಕುಗಳ ಬಗ್ಗೆ ಫಿಲಿಪ್ಸ್ ಕಂಪನಿಯೇ 2022ರಲ್ಲಿ ಎಚ್ಚರಿಕೆ ಕೊಟ್ಟಿತ್ತು, ಅದು ಪಕ್ಕದಲ್ಲಿ ಮಲಗುವವರಿಗೂ ಅನ್ವಯಿಸುತ್ತದೆ.

ಊರಿನಿಂದ ಸಲಹೆ ಕೇಳಿ ಫೋನ್ ಮಾಡುವವರಿಗೆ ನಾನು ಯಂತ್ರದ ಹೆಸರು ಹೇಳುವುದಿಲ್ಲ. ಮುಖಕ್ಕೆ ಹೊಂದದಿದ್ದರೆ ಇಷ್ಟು ದಿನದೊಳಗೆ ಮಾಸ್ಕನ್ನು ಬದಲಿಸಿಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬರೆಯಲು ಹಿಂದೆಮುಂದೆ ನೋಡುವವರ ಹತ್ತಿರ ಯಂತ್ರವನ್ನೂ ಕೊಳ್ಳಬೇಡಿ ಎನ್ನುತ್ತೇನೆ.